ಬಿದ್ದ ಮಳೆ, ಇಳಿದ ಮಳೆ

2024ರ ಏಪ್ರಿಲ್‌ನಲ್ಲಿ ಬೆಂಗಳೂರು ನಗರ ವೀಕ್ಷಣಾಲಯದಲ್ಲಿ ಅಳೆಯುವಷ್ಟು ಮಳೆಯೇ ಆಗಲಿಲ್ಲ. ಇಲ್ಲಿನ ಶ್ರೀನಗರ ಬಡಾವಣೆಯ ನಮ್ಮ ಮನೆಯ ಮಹಡಿಯ ಮೇಲಿನ ಮಳೆಮಾಪಕವೂ ಒಣಗಿಯೇ ಇತ್ತು. ದಿನವೂ ಬೆಳಿಗ್ಗೆ 8.30ಕ್ಕೆ ಮೇಲೆ ಹೋಗಿ, ಪುಸ್ತಕದಲ್ಲಿ ಸೊನ್ನೆ ಬರೆದು ಇಳಿಯುತ್ತಿದ್ದೆ. ಸೊನ್ನೆಯನ್ನು ಬರೆಯಲೇಬೇಕು. ಸಾಲು ಖಾಲಿ ಬಿಟ್ಟರೆ ಅಂದು ಮಳೆ ಬರಲಿಲ್ಲವೋ ನಾನು ಊರಿನಲ್ಲಿರಲಿಲ್ಲವೋ ಎಂಬುದು ಮುಂದಿನ ವರ್ಷ ತಿಳಿಯುವುದಿಲ್ಲ.

ಇದನ್ನು ಶುರು ಮಾಡಿದ್ದು 2019ರಲ್ಲಿ. 'ಮೊದಲು ಬೆಂಗಳೂರು ಹೀಗಿರಲಿಲ್ಲ' ಎಂದು ಎಲ್ಲರಂತೆ ನಾನೂ ಹೇಳುತ್ತಿದ್ದೆ. ಹಾಗಾದರೆ ಹೇಗಿತ್ತು ಎಂದು ಮಗಳು ಕೇಳಿದಾಗ, ಮನೆಗಳಲ್ಲಿ ಫ್ಯಾನ್ ಇರಲಿಲ್ಲ, ಸಂಜೆಗೆ ಸ್ವೆಟರ್ ಬೇಕಿತ್ತು ಎಂಬುದರ ಆಚೆಗೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಅದು ನನ್ನನ್ನು ಬಹಳ ದಿನ ಕೊರೆಯಿತು.

ಮೊದಲ ಬೇಸಿಗೆಯ ಲೆಕ್ಕವನ್ನೆಲ್ಲ ಕೊನೆಗೆ ಹೊಡೆದುಹಾಕಬೇಕಾಯಿತು. ಗರಿಷ್ಠ–ಕನಿಷ್ಠ ಉಷ್ಣಮಾಪಕವನ್ನು ಮಹಡಿಯ ಪಡುವಣ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೆ. ಅದು 42 ತೋರಿಸುತ್ತಿತ್ತು. ನಗರದಲ್ಲಿ ಈವರೆಗೆ ದಾಖಲಾದ ಅತಿ ಹೆಚ್ಚಿನ ಉಷ್ಣಾಂಶವೇ 2016ರ ಏಪ್ರಿಲ್‌ನ 39.2 ಡಿಗ್ರಿ ಎಂದು ಓದಿದ ಮೇಲೆ ತಪ್ಪು ಹೊಳೆಯಿತು: ನಾನು ಅಳೆಯುತ್ತಿದ್ದುದು ಗಾಳಿಯ ಬಿಸಿಯನ್ನಲ್ಲ, ಕಾದ ಸಿಮೆಂಟಿನ ಬಿಸಿಯನ್ನು. ಹವಾಮಾನ ಕೇಂದ್ರಗಳಲ್ಲಿ ಉಷ್ಣಮಾಪಕ ಇರುವುದು ಬಿಳಿ ಬಣ್ಣ ಬಳಿದ, ಸುತ್ತಲೂ ಓರೆ ಪಟ್ಟಿಗಳ ನಡುವೆ ಗಾಳಿಯಾಡುವ ಮರದ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ನಾಲ್ಕೈದು ಅಡಿ ಎತ್ತರದಲ್ಲಿ. ಬಡಗಿಯೊಬ್ಬರಿಂದ ಅಂಥದ್ದೊಂದನ್ನು ಮಾಡಿಸಿ ಹಿತ್ತಲಿನ ಮಣ್ಣಿನ ಮೇಲೆ ನಿಲ್ಲಿಸಿದೆ.

ಮಳೆಮಾಪಕ ಇದಕ್ಕಿಂತ ಸುಲಭ. 10 ಸೆಂಟಿಮೀಟರ್ ಅಡ್ಡಳತೆಯ ಆಲಿಕೆ, ಅದರ ಕೆಳಗೊಂದು ಬಾಟಲಿ. ಆ ಬಾಯಿಗೆ 1 ಮಿಲಿಮೀಟರ್ ಮಳೆ ಎಂದರೆ 7.85 ಮಿಲಿಲೀಟರ್ ನೀರು. ಔಷಧಿ ಅಂಗಡಿಯ ಸಿರಿಂಜ್‌ನಿಂದ ಅಳೆದು ಭಾಗಿಸಿದರೆ ಆಯಿತು. ಪಕ್ಕದಲ್ಲಿ ಗೋಡೆಯೋ ತೊಟ್ಟಿಯೋ ಇದ್ದರೆ ಅದರ ಎತ್ತರದ ಎರಡರಷ್ಟಾದರೂ ದೂರದಲ್ಲಿಡಬೇಕು. ಇಲ್ಲದಿದ್ದರೆ ಗಾಳಿ ಮಳೆಯಲ್ಲಿ ಲೆಕ್ಕ ಕೆಡುತ್ತದೆ.

ಹೀಗೆ ಎರಡು ವರ್ಷ ಮಿಲಿಮೀಟರ್ ಬರೆದುಕೊಂಡು ಸಮಾಧಾನವಾಗಿದ್ದೆ. ಆ ಸಮಾಧಾನವನ್ನು ಕಲಕಿದವರು ಅಮ್ಮ. ಮಾಗಡಿ ಸೀಮೆಯಲ್ಲಿ ರಾಗಿ ಬೆಳೆದ ಮನೆಯವರು. ಒಂದು ಸಂಜೆ ಅರ್ಧ ಗಂಟೆಯಲ್ಲಿ 38 ಮಿಲಿಮೀಟರ್ ಸುರಿಯಿತು, ರಸ್ತೆ ಹೊಳೆಯಾಯಿತು. ಮರುದಿನ ಖುಷಿಯಿಂದ ಸಂಖ್ಯೆ ಹೇಳಿದೆ. ಅಮ್ಮ ಏನೂ ಹೇಳದೆ ಹಿತ್ತಲಿಗೆ ಹೋಗಿ, ಕರಿಬೇವಿನ ಗಿಡದ ಪಕ್ಕ ಕಡ್ಡಿಯಿಂದ ಕೆದಕಿದರು. ನಾಲ್ಕು ಬೆರಳು ಕೆಳಗೆ ಮಣ್ಣು ಬೂದಿಯ ಹಾಗೆ ಉದುರಿತು.

"ಬಿದ್ದದ್ದು ಬೇರೆ, ಇಳಿದದ್ದು ಬೇರೆ ಕಣಪ್ಪ. ಇದು ಹದ ಮಳೆಯಲ್ಲ. ಒಂದು ಗೇಣಾದರೂ ಹಸಿಯಾಗಬೇಕು" ಎಂದರು.

ಒಂದು ವಾರದ ಬಳಿಕ ರಾತ್ರಿಯಿಡೀ ಜಿಟಿಜಿಟಿ ಹಿಡಿದು ಬೆಳಿಗ್ಗೆ ಬರೀ 17 ಮಿಲಿಮೀಟರ್ ಸಿಕ್ಕಿತು. ಈ ಸಲ ನಾನೇ ಕೆದಕಿದೆ. ಗೇಣಿನ ತನಕ ಮಣ್ಣು ಕಪ್ಪಗೆ, ಬೆರಳಿಗೆ ಅಂಟುವಂತಿತ್ತು.

ಅಂದಿನಿಂದ ಪುಸ್ತಕಕ್ಕೆ ಎರಡು ಅಂಕಣ ಹೆಚ್ಚಾದವು: ಮಳೆ ಎಷ್ಟು ಹೊತ್ತು ಬಂತು, ಮಣ್ಣು ಎಷ್ಟು ಆಳ ನೆನೆಯಿತು. ನಮ್ಮ ನಗರದಲ್ಲಿ ಕಣ್ಣಿಡಬೇಕಾದ ಜಾಗ ಇದೇ ಎಂದು ನನಗೀಗ ಅನ್ನಿಸುತ್ತದೆ. ಏಪ್ರಿಲ್ ಒಣಗಿದ್ದ ಅದೇ 2024ರಲ್ಲಿ, ಜೂನ್ 2ರ ಒಂದೇ ದಿನ ನಗರದಲ್ಲಿ 111.1 ಮಿಲಿಮೀಟರ್ ಸುರಿದು ಜೂನ್ ತಿಂಗಳ 133 ವರ್ಷಗಳ ದಾಖಲೆ ಮುರಿಯಿತು. ವರ್ಷದ ಒಟ್ಟು ಮೊತ್ತವೊಂದನ್ನೇ ನೋಡಿದರೆ ಆ ಬರವೂ ಕಾಣುವುದಿಲ್ಲ, ಈ ಪ್ರವಾಹವೂ ಕಾಣುವುದಿಲ್ಲ.

ಅಮ್ಮನಿಂದ ಕಲಿತ ಇನ್ನೊಂದು ವಿಷಯ ಮಳೆ ನಕ್ಷತ್ರಗಳದ್ದು, ಅಂದರೆ ರೈತರು ಮಳೆಯ ಕಾಲವನ್ನು ನಕ್ಷತ್ರಗಳ ಹೆಸರಿನಲ್ಲಿ ಭಾಗ ಮಾಡಿಕೊಂಡ ಲೆಕ್ಕ. ಮೊದಲು ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬೀದಿಯ ಹೊಂಗೆ ಮರ ಚಿಗುರುವುದನ್ನು 'ಯುಗಾದಿಗೆ ಎಷ್ಟು ದಿನ ಮುಂಚೆ' ಎಂದು ಬರೆಯುತ್ತಿದ್ದೆ. ಆದರೆ ಚಂದ್ರನ ಲೆಕ್ಕದ ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂದರೆ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು. ಮರ ಬದಲಾಗದಿದ್ದರೂ ನನ್ನ ಬರಹದಲ್ಲಿ ಹದಿನೆಂಟು ದಿನ ಬದಲಾಗಿರುತ್ತಿತ್ತು! ಮಳೆ ನಕ್ಷತ್ರಗಳು ಹಾಗಲ್ಲ. ಅವು ಸೂರ್ಯನ ನಡೆಯನ್ನು ಹಿಡಿದವು. ಭರಣಿ ಪ್ರತಿ ವರ್ಷವೂ ಏಪ್ರಿಲ್ ಕೊನೆಯ ವಾರದಲ್ಲೇ ಹುಟ್ಟುತ್ತದೆ, ಹದಿಮೂರು ಹದಿನಾಲ್ಕು ದಿನ ಇರುತ್ತದೆ. ಒಂದು ವರ್ಷದ ಭರಣಿಯನ್ನು ಇನ್ನೊಂದು ವರ್ಷದ ಭರಣಿಯ ಪಕ್ಕ ಇಟ್ಟು ನೋಡಬಹುದು. ಈಗ ಹೊಂಗೆಗೆ ಇಂಗ್ಲಿಷ್ ತಾರೀಖು, ಮಳೆಗೆ ತಾರೀಖು ಮತ್ತು ನಕ್ಷತ್ರ ಎರಡೂ ಬರೆಯುತ್ತೇನೆ.

ಹವಾಗುಣದ ಸರಾಸರಿ ಕಟ್ಟಲು ಮೂವತ್ತು ವರ್ಷಗಳ ದಾಖಲೆ ಬೇಕು. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನದು. ನನ್ನ ಪುಸ್ತಕ ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಬೆಂಗಳೂರು ಇಷ್ಟು ಬದಲಾಯಿತು ಎಂದು ಇದನ್ನು ಹಿಡಿದು ಯಾರೊಂದಿಗೂ ವಾದಿಸುವುದಿಲ್ಲ. ನಮ್ಮ ಹಿತ್ತಲಿನಲ್ಲಿ ಏನಾಯಿತು ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಮಗಳು ಮೂರನೆಯ ಪುಸ್ತಕಕ್ಕೆ ಗೆರೆ ಎಳೆದುಕೊಟ್ಟಿದ್ದಾಳೆ.

ಅಮ್ಮನಿಗೆ ಈಗ ಮೆಟ್ಟಿಲು ಹತ್ತಲು ಆಗುವುದಿಲ್ಲ. ಮಳೆ ಬಂದ ಮರುದಿನ ನಾನು ಇಳಿದು ಬರುವುದನ್ನೇ ಕಾಯುತ್ತಾ ಕಾಫಿ ಲೋಟ ಹಿಡಿದು ಕೂತಿರುತ್ತಾರೆ. ಮಿಲಿಮೀಟರ್ ಹೇಳಿದರೆ ತಲೆಯಾಡಿಸುತ್ತಾರೆ. ಆಮೇಲೆ "ಇಳಿದದ್ದೆಷ್ಟು?" ಎಂದು ಕೇಳುತ್ತಾರೆ. ನಾನು ಕಡ್ಡಿ ಹಿಡಿದು ಹಿತ್ತಲಿಗೆ ಹೋಗುತ್ತೇನೆ.