ಲಾಲ್‌ಬಾಗ್ ಮಾವು ಮೇಳದಲ್ಲಿ ಹಣ್ಣು ಆರಿಸೋದು ಹೇಗೆ?

ಮೇಳಕ್ಕೆ ರಾಮನಗರ, ಕೋಲಾರದ ಬೆಳೆಗಾರರೇ ಮಾವು ತರುತ್ತಾರೆ. ಬಿಸಿಲೇರುವ ಮುಂಚೆ ಹೋಗಿ.

ಬಣ್ಣಕ್ಕೆ ಮರುಳಾಗಬೇಡಿ. ಭುಜ, ಅಂದರೆ ತೊಟ್ಟಿನ ಅಕ್ಕಪಕ್ಕದ ಭಾಗ ಉಬ್ಬಿ, ತೊಟ್ಟು ತುಸು ಗುಳಿಯಲ್ಲಿ ಕೂತಿದ್ದರೆ ಕಾಯಿ ಬಲಿತಿದೆ. ಭುಜ ಇಳಿಜಾರಾಗಿದ್ದರೆ ಎಳೆಯದು. ಮನೆಯಲ್ಲಿಟ್ಟರೂ ಸುಕ್ಕುಗಟ್ಟಿ ಹುಳಿಯಾಗಿಯೇ ಉಳಿಯುತ್ತದೆ. ತೊಟ್ಟಿನ ಬಳಿ ಮೂಸಿ ನೋಡಿ. ಮೈಯೆಲ್ಲ ಒಂದೇ ಹಳದಿ, ಆದರೆ ಘಮವೇ ಇಲ್ಲ ಅಂದರೆ ಬೇಗ ಹಣ್ಣಾಗಿಸುವ ರಾಸಾಯನಿಕ ಕಾರ್ಬೈಡ್ ಹಾಕಿರಬಹುದು. ಅದು ನಿಷಿದ್ಧ, ಆದರೂ ಹಾಕುವವರಿದ್ದಾರೆ.

ಸೀಕರಣೆಗೆ ರಸಪುರಿ ತಳಿಯೇ ಸರಿ, ಬಾದಾಮಿ ಪಕ್ಷದವರು ಏನೇ ಅನ್ನಲಿ. ಮಲ್ಲಿಕಾ ಆದರೆ ಬಲಿತ ಕಾಯನ್ನೇ ಕೊಳ್ಳಿ. ಒಣಹುಲ್ಲಿನ ಮೇಲೆ ಒಂದೇ ಪದರ ಹರಡಿದರೆ ಕೆಲವು ದಿನಗಳಲ್ಲಿ ಮಾಗುತ್ತದೆ; ದಿನಾ ತಿರುಗಿಸಿ, ಕೊಳೆತದ್ದನ್ನು ತೆಗೆದುಹಾಕಿ. ಮಾಗದೆ ಫ್ರಿಜ್ಜಿಗಿಟ್ಟರೆ ಸಿಪ್ಪೆ ಕಪ್ಪಾಗಿ ರುಚಿ ಕೆಡುತ್ತದೆ. ತಿನ್ನುವ ಮುಂಚೆ ಅರ್ಧ ಗಂಟೆ ನೀರಲ್ಲಿ ನೆನೆಸಿ, ತೊಟ್ಟಿನ ಸೊನೆ ಚೆನ್ನಾಗಿ ತೊಳೆಯಿರಿ. ತುಟಿ ಸುಡೋದು ಅದರಿಂದಲೇ.