ನ್ಯಾನ್ಸಿ ವಾರ್ಡ್‌ವರೆಗೆ: ಒಂದು ಚೆರೋಕಿ ಮನೆತನದ ವಂಶಾವಳಿ ಹುಡುಕಿದ ನನ್ನ ಅನುಭವ

"ನಮ್ಮ ಮುತ್ತಜ್ಜಿ ಚೆರೋಕಿ ರಾಜಕುಮಾರಿ" ಅನ್ನುವ ಮಾತು ಅಮೆರಿಕದ ಎಷ್ಟೋ ಮನೆಗಳಲ್ಲಿ ಕಿವಿಗೆ ಬೀಳುತ್ತದೆ. ಚೆರೋಕಿಗಳು ಅಮೆರಿಕದ ಒಂದು ಮೂಲನಿವಾಸಿ ಜನಾಂಗ. ಅವರಲ್ಲಿ ರಾಜರೂ ಇರಲಿಲ್ಲ, ರಾಜಕುಮಾರಿಯರೂ ಇರಲಿಲ್ಲ. ಹಾಗಾಗಿ ಓಕ್ಲಹೋಮಾದಲ್ಲಿ ಹುಟ್ಟಿ ಬೆಳೆದ ನನ್ನ ಸೊಸೆಯ ಅಜ್ಜಿ "ನಾವು ನ್ಯಾನ್ಸಿ ವಾರ್ಡ್ ಸಂತತಿ, ತೋಳ ಕುಲದವರು" ಎಂದಾಗ, ಆ ಮಾತಿಗೆ ಕಾಗದದ ಆಧಾರ ಎಲ್ಲಿಯವರೆಗೆ ಸಿಗುತ್ತದೆ ಎಂದು ನೋಡುವ ಮನಸ್ಸಾಯಿತು. ನ್ಯಾನ್ಸಿ ವಾರ್ಡ್ ಹದಿನೆಂಟನೇ ಶತಮಾನದ ಹೆಸರಾಂತ ಚೆರೋಕಿ ಮುಖಂಡೆ. ಅಜ್ಜಿ ಹೇಳಿದ್ದು ಎರಡು ಬೇರೆ ಬೇರೆ ವಿಷಯ. ಸಂತತಿ ಒಂದು, ಕುಲ ಇನ್ನೊಂದು. ಉಡುಪಿ ಕಡೆಯ ಬಂಟರ ಮನೆಯಿಂದ ಬಂದ ನನಗೆ ಅದು ಕೂಡಲೇ ಹೊಳೆಯಿತು. ನಮ್ಮಲ್ಲೂ ಬಳಿ ಬರುವುದು ತಾಯಿಯಿಂದ. ಅಳಿಯಕಟ್ಟಿನ ಕುಟುಂಬದ ಪಾಲುಪಟ್ಟಿಗಳಲ್ಲಿ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು ಹೀಗೆ ಸಾಗುವ ಕವರುಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ.

ಚೆರೋಕಿಗಳಿಗೆ ಏಳು ಕುಲಗಳು: ತೋಳ, ಜಿಂಕೆ, ಹಕ್ಕಿ, ಬಣ್ಣ, ನೀಲಿ, ನೀಳಕೂದಲು, ಕಾಡುಗೆಣಸು. ಮಗು ತಾಯಿಯ ಕುಲಕ್ಕೆ ಸೇರುತ್ತದೆ. ಒಂದೇ ಕುಲದೊಳಗೆ ಮದುವೆ ಇಲ್ಲ. ಮಗುವಿಗೆ ಬುದ್ಧಿ ಹೇಳುವ ಹಿರಿಯ ಸೋದರಮಾವ. ತಂದೆ ಪ್ರೀತಿಯವನೇ ಆದರೂ ಕುಲದ ಲೆಕ್ಕದಲ್ಲಿ ಹೊರಗಿನವನು. ಆದರೆ ನಮಗೆ ಸಿಗುವ ದಾಖಲೆಗಳನ್ನು ಬರೆದವರು ಯಾರು? ಬಿಳಿಯ ವ್ಯಾಪಾರಿಗಳು, ಪಾದ್ರಿಗಳು, ಸರ್ಕಾರದ ಏಜೆಂಟರು. ಅವರು ಹುಡುಕಿದ್ದು ಮನೆಯ ಯಜಮಾನನನ್ನು, ಬರೆದುಕೊಂಡಿದ್ದು ತಂದೆಯ ಉಪನಾಮವನ್ನು. ಹೀಗಾಗಿ ತಾಯಿಯಿಂದ ತಾಯಿಗೆ ಹರಿದ ವಂಶವನ್ನು ತಂದೆಯಂದಿರ ಹೆಸರಿನ ಕಾಗದಗಳಿಂದ ಹೆಕ್ಕಿ ತೆಗೆಯಬೇಕು. ಈ ಕೆಲಸದ ಮುಖ್ಯ ಕಷ್ಟ ಇದೇ.

ನಾನು ನ್ಯಾನ್ಸಿಯಿಂದ ಶುರು ಮಾಡಲಿಲ್ಲ, ಬದುಕಿರುವ ಅಜ್ಜಿಯಿಂದ ಶುರು ಮಾಡಿದೆ. ಪ್ರಸಿದ್ಧರನ್ನು ಮೊದಲು ಹಿಡಿದು ಕೆಳಗೆ ಇಳಿಯುತ್ತಾ ಹೋದರೆ ಒಂದೇ ಹೆಸರಿನ ಯಾರನ್ನೋ ನಮ್ಮವರೆಂದು ಅಂಟಿಸಿಕೊಳ್ಳುವ ಆಸೆ ಬರುತ್ತದೆ. ಅಜ್ಜಿಯ ಜನನ ಪತ್ರ, ಆಕೆಯ ತಂದೆಯ ಮರಣ ಪತ್ರ, ಸಮಾಧಿಯ ಕಲ್ಲು, 1940ರ ಅಮೆರಿಕ ಜನಗಣತಿ ಒಟ್ಟು ಸೇರಿದ ಮೇಲೆ ಅಜ್ಜಿಯ ತಂದೆ ಡಾಸ್ ರೋಲ್‌ನಲ್ಲಿ ಸಿಕ್ಕರು, ಆಗಿನ್ನೂ ಎಳೆಯ ಮಗು. ಚೆರೋಕಿ, ಚೊಕ್ಟಾ ಮೊದಲಾದ ಐದು ರಾಷ್ಟ್ರಗಳ ಸಾಮೂಹಿಕ ಭೂಮಿಯನ್ನು ತುಂಡು ಮಾಡಿ ಒಬ್ಬೊಬ್ಬರ ಹೆಸರಿಗೆ ಹಂಚುವುದಕ್ಕಾಗಿ ಅಮೆರಿಕ ಸರ್ಕಾರ ಮಾಡಿಸಿದ ಪಟ್ಟಿ ಇದು. 1893ರಲ್ಲಿ ಆಯೋಗ ನೇಮಕವಾಯಿತು, 1907ರಲ್ಲಿ ಪಟ್ಟಿ ಮುಚ್ಚಿತು. ಒಂದು ರಾಷ್ಟ್ರದ ನೆಲವನ್ನು ಒಡೆಯಲು ಹುಟ್ಟಿದ ಕಾಗದವೇ ಇಂದು ಚೆರೋಕಿ ನೇಷನ್ ಎಂಬ ಅವರದೇ ಸರ್ಕಾರದ ಪೌರತ್ವಕ್ಕೆ ಆಧಾರ. ಅದನ್ನು ನೆನೆದರೆ ಇಂದಿಗೂ ಮನಸ್ಸು ಭಾರವಾಗುತ್ತದೆ.

ಡಾಸ್ ರೋಲ್‌ನಲ್ಲಿ ಹೆಸರು, ಸಂಖ್ಯೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ಅದರ ಹಿಂದೆ ಕುಟುಂಬದ ಗಣತಿ ಕಾರ್ಡ್ ಇರುತ್ತದೆ. ಅದರಲ್ಲಿ ಮನೆಯ ಎಲ್ಲರ ಹೆಸರು, ವಯಸ್ಸು, ಪ್ರತಿಯೊಬ್ಬರ ತಂದೆತಾಯಿ, ಚೆರೋಕಿ ನೇಷನ್ನಿನ 1880ರ ಗಣತಿಯಲ್ಲಿ ಅವರಿದ್ದ ಜಾಗದ ವಿವರ ಸಿಗುತ್ತದೆ. ಕಾರ್ಡಿಗೆ ಸೇರಿದ ಅರ್ಜಿಯ ಕಡತದಲ್ಲಿ ಕೆಲವೊಮ್ಮೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಗಳೂ ಇರುತ್ತವೆ. ಪಟ್ಟಿಯಲ್ಲಿ ಸಿಕ್ಕ ಆ ಮಗುವಿನ ತಾಯಿ ಚೆರೋಕಿ, ತಂದೆ ಬಿಳಿಯ. ಆ ತಾಯಿಯ ತವರಿನ ಹೆಸರು ನನಗೆ ತಿಳಿದದ್ದು ಈ ಕಾರ್ಡಿನಿಂದಲೇ.

ಅಲ್ಲಿಂದ ಮುಂದೆ ನನ್ನ ಕೈ ಹಿಡಿದದ್ದು ಗಯಾನ್ ಮಿಲ್ಲರ್ ಅರ್ಜಿಗಳು. ಚೆರೋಕಿ ವಂಶಾವಳಿ ಹುಡುಕುವವರಿಗೆ ಇದಕ್ಕಿಂತ ದೊಡ್ಡ ನಿಧಿ ಇಲ್ಲವೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹಳೆಯ ಒಪ್ಪಂದಗಳನ್ನು ಮುರಿದದ್ದಕ್ಕೆ ಪೂರ್ವ ಚೆರೋಕಿಗಳಿಗೆ, ಅಂದರೆ 1835ರ ಹೊತ್ತಿಗೂ ಪೂರ್ವದ ತಾಯ್ನೆಲದಲ್ಲೇ ಇದ್ದವರಿಗೆ ಮತ್ತು ಅವರ ವಂಶಸ್ಥರಿಗೆ, ಪರಿಹಾರ ಕೊಡಬೇಕೆಂದು ಕೋರ್ಟ್ ತೀರ್ಪಾದ ಮೇಲೆ, ಯಾರಿಗೆ ಹಣ ಸಲ್ಲಬೇಕೆಂದು ತೀರ್ಮಾನಿಸಲು 1906ರಿಂದ 1909ರವರೆಗೆ ನಡೆದ ಕೆಲಸ ಅದು. 45,000ಕ್ಕೂ ಹೆಚ್ಚು ಅರ್ಜಿಗಳು ಬಂದವು, ಅವುಗಳಲ್ಲಿ ಸುಮಾರು 90,000 ಜನರ ಹೆಸರಿತ್ತು. ಅವರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಜನರನ್ನು ಮಾತ್ರ ಒಪ್ಪಿದರು. ಅರ್ಜಿಯಲ್ಲಿ ಕೇಳಿದ ಪ್ರಶ್ನೆಗಳನ್ನು ನೋಡಿ: ನಿಮ್ಮ ಚೆರೋಕಿ ಹೆಸರೇನು, ತಂದೆತಾಯಿ ಎಲ್ಲಿ ಹುಟ್ಟಿದರು, 1851ರಲ್ಲಿ ಎಲ್ಲಿದ್ದರು, ಅಜ್ಜ ಅಜ್ಜಿಯರು ಯಾರು, ಅಣ್ಣತಮ್ಮ ಅಕ್ಕತಂಗಿಯರು ಯಾರು, ತಂದೆಯ ಕಡೆಯ ಹಾಗೂ ತಾಯಿಯ ಕಡೆಯ ಸೋದರ ಸೋದರಿಯರು ಯಾರು.

ಕೊನೆಯ ಪ್ರಶ್ನೆಯಲ್ಲೇ ನನ್ನ ಕೆಲಸದ ಕೀಲಿ ಇತ್ತು. ಮಗುವಿನ ತಾಯಿಯ ಅರ್ಜಿಯಲ್ಲಿ ಅವಳ ತಾಯಿಯ ಬಗ್ಗೆ ಬರೆದದ್ದು ತೀರಾ ಕಡಿಮೆ, ಬರೀ ಒಂದು ಹೆಸರು. ಆದರೆ ಸೋದರಮಾವಂದಿರ, ಚಿಕ್ಕಮ್ಮಂದಿರ ಹೆಸರುಗಳಿದ್ದವು. ಅವರ ಅರ್ಜಿಗಳನ್ನೂ ಅವರ ಮಕ್ಕಳ ಅರ್ಜಿಗಳನ್ನೂ ತೆಗೆಸಿ ನೋಡಿದೆ. ಒಬ್ಬ ಸೋದರಮಾವ ತನ್ನ ತಾಯಿಯ ತವರಿನ ಹೆಸರನ್ನೂ 1851ರ ಜಿಲ್ಲೆಯನ್ನೂ ಅಚ್ಚುಕಟ್ಟಾಗಿ ಬರೆಸಿದ್ದ. ಮದುವೆಯಾದಾಗಲೆಲ್ಲ ಹೆಣ್ಣಿನ ಉಪನಾಮ ಬದಲಾಗುತ್ತದೆ, ಅವಳ ಅಣ್ಣತಮ್ಮಂದಿರದು ಬದಲಾಗುವುದಿಲ್ಲ. ಒಬ್ಬ ಹೆಂಗಸನ್ನು ಹುಡುಕಬೇಕಾದರೆ ಮೊದಲು ಅವಳ ಒಡಹುಟ್ಟಿದವರನ್ನು ಹುಡುಕಿ. ಇನ್ನೊಂದು ಮಾತು: ತಿರಸ್ಕೃತ ಅರ್ಜಿಗಳನ್ನು ಬಿಡಬೇಡಿ. 1835ಕ್ಕೆ ಮುಂಚೆಯೇ ಪಶ್ಚಿಮಕ್ಕೆ ಹೋಗಿದ್ದವರ ವಂಶಸ್ಥರಿಗೆ ಆ ಹಣ ಸಲ್ಲುತ್ತಿರಲಿಲ್ಲ. ಅವರು ಚೆರೋಕಿಗಳೇ ಆಗಿದ್ದರೂ ಅರ್ಜಿ ಬಿದ್ದುಹೋಗುತ್ತಿತ್ತು. ಅದರೊಳಗಿನ ಕುಟುಂಬದ ವಿವರ ಮಾತ್ರ ಅಷ್ಟೇ ಬೆಲೆಯದು.

1851ರ ಜಿಲ್ಲೆ ಗೊತ್ತಾದ ಮೇಲೆ ಅದೇ ವರ್ಷದ ಡ್ರೆನ್ನನ್ ರೋಲ್ ತೆರೆದೆ. 1838-39ರಲ್ಲಿ ಬಲವಂತದಿಂದ ಹೊರಡಿಸಿ, ಸಾವಿರಾರು ಜನ ದಾರಿಯಲ್ಲೂ ಶಿಬಿರಗಳಲ್ಲೂ ಸತ್ತ ಆ ಕಣ್ಣೀರಿನ ಹಾದಿ ಸವೆಸಿ ಪಶ್ಚಿಮಕ್ಕೆ, ಈಗಿನ ಓಕ್ಲಹೋಮಾಕ್ಕೆ, ಬಂದು ಸೇರಿದವರ ಪಟ್ಟಿ ಅದು. ಅದರಲ್ಲಿ ಮನೆಮನೆಯ ಮಕ್ಕಳ ಹೆಸರೂ ಇದೆ. ಅದಕ್ಕೂ ಹಿಂದಿನ ಹೆಂಡರ್ಸನ್ ರೋಲ್ 1835ರದ್ದು, ಹೊರಡಿಸುವ ಮೊದಲು ಪೂರ್ವದ ಚೆರೋಕಿಗಳನ್ನು ಎಣಿಸಿದ್ದು. ಅದರಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಸಿಗುತ್ತದೆ, ಉಳಿದವರು ಬರೀ ಅಂಕಿ. ಆದರೂ ಮನೆಗಳನ್ನು ನದಿ ತೊರೆಗಳ ಪ್ರಕಾರ ಬರೆದಿರುವುದರಿಂದ ನೆರೆಹೊರೆ ಯಾರೆಂದು ತಿಳಿಯುತ್ತದೆ. ಹೆಂಡತಿಯ ತವರು ಹತ್ತಿರದಲ್ಲೇ ಇರುವುದುಂಟು. ನಮ್ಮ ಎಳೆ ಟೆನೆಸಿಯ ಒಕೋಯೀ ನದಿಯ ದಂಡೆಗೆ, ಅಲ್ಲಿ ಗಿರಣಿ ನಡೆಸುತ್ತಿದ್ದ ಮೈಕೇಲ್ ಹಿಲ್ಡೆಬ್ರಾಂಡ್ ಮನೆಗೆ ಹೋಗಿ ಕೂಡಿತು. ಅವನ ಹೆಂಡತಿ ನ್ಯಾನ್ಸಿ ಮಾರ್ಟಿನ್, ನ್ಯಾನ್ಸಿ ವಾರ್ಡ್‌ಳ ಮೊಮ್ಮಗಳು.

ಇಲ್ಲಿಂದ ಮೇಲಕ್ಕೆ ಮುದ್ರಿತ ಆಧಾರವಿದೆ. ಚೆರೋಕಿ ವೈದ್ಯ, ಇತಿಹಾಸಕಾರ ಎಮ್ಮೆಟ್ ಸ್ಟಾರ್ 1921ರಲ್ಲಿ ಅಚ್ಚು ಹಾಕಿಸಿದ ಚರಿತ್ರೆಯಲ್ಲಿ ಹಳೆಯ ಮನೆತನಗಳ ವಂಶಾವಳಿ ದೊಡ್ಡದಾಗಿ ಸೇರಿದೆ. ಹಿರಿಯರನ್ನು ಕೇಳಿ ಕೇಳಿ ಆತ ಕೂಡಿಸಿದ ಆ ಸಂಗ್ರಹ ಇಲ್ಲದಿದ್ದರೆ ನನ್ನಂಥವರ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು.

ನ್ಯಾನ್ಸಿಯ ಹುಟ್ಟುಹೆಸರು ನನ್ಯೆಹಿ. ಸುಮಾರು 1738ರಲ್ಲಿ ಈಗಿನ ಟೆನೆಸಿಯಲ್ಲಿದ್ದ ಚೋಟಾ ಎಂಬ ಚೆರೋಕಿ ಊರಿನಲ್ಲಿ ಹುಟ್ಟಿದವಳು. ಆ ಊರಿನ ನೆಲ ಈಗ ಬಹುಪಾಲು ಟೆಲಿಕೋ ಜಲಾಶಯದ ಅಡಿಯಲ್ಲಿದೆ. ಮೊದಲ ಗಂಡ ಕಿಂಗ್‌ಫಿಷರ್ 1755ರಲ್ಲಿ ನೆರೆಯ ಮೂಲನಿವಾಸಿಗಳಾದ ಕ್ರೀಕರ ಎದುರು ತಲಿವಾ ಕಾಳಗದಲ್ಲಿ ಬಿದ್ದಾಗ ಅವನ ಜಾಗದಲ್ಲಿ ನಿಂತು ಹೋರಾಡಿದಳೆಂಬುದು ಪ್ರಸಿದ್ಧ. ಅದರಿಂದ ಘಿಗಾವ್ ಎಂಬ ಹಿರಿಯ ಸ್ಥಾನ ಪಡೆದಳು, ಸೆರೆಯಾಳುಗಳ ಪ್ರಾಣ ಉಳಿಸುವ ಅಧಿಕಾರವೂ ಬಂತು. ಆ ಮದುವೆಯ ಮಕ್ಕಳು ಕ್ಯಾಥರೀನ್ ಮತ್ತು ಫೈವ್‌ಕಿಲ್ಲರ್. ಬಳಿಕ ವ್ಯಾಪಾರಿ ಬ್ರಯಂಟ್ ವಾರ್ಡ್‌ನಿಂದ ಹುಟ್ಟಿದವಳು ಬೆಟ್ಸಿ. ಬೆಟ್ಸಿಯ ಗಂಡ ವರ್ಜೀನಿಯಾ ಪರವಾಗಿ ಏಜೆಂಟನಾಗಿದ್ದ ಜೋಸೆಫ್ ಮಾರ್ಟಿನ್, ಅವರ ಮಗಳೇ ನ್ಯಾನ್ಸಿ ಮಾರ್ಟಿನ್. ಈ ಕೊಂಡಿಗೆ ನನಗೆ ಬಲ ಬಂದದ್ದು ಅನಿರೀಕ್ಷಿತ ಕಡೆಯಿಂದ. ಜೋಸೆಫ್ ಮಾರ್ಟಿನ್‌ನ ಬಿಳಿಯ ಹೆಂಡತಿಯ ಮಗ ವಿಲಿಯಂ ಮಾರ್ಟಿನ್ ಮುಪ್ಪಿನಲ್ಲಿ ಸಂಗ್ರಹಕಾರ ಲೈಮನ್ ಡ್ರೇಪರ್‌ಗೆ ಪತ್ರಗಳನ್ನು ಬರೆದಿದ್ದಾನೆ. ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿರುವ ಆ ಪತ್ರಗಳಲ್ಲಿ ತಂದೆಯ ಚೆರೋಕಿ ಸಂಸಾರವನ್ನು ಮುಚ್ಚಿಡದೆ, ನ್ಯಾನ್ಸಿ ವಾರ್ಡ್ ಬಗ್ಗೆ ಗೌರವದಿಂದಲೇ ಹೇಳಿದ್ದಾನೆ.

ಕ್ಯಾಥರೀನ್ ಕವಲು ಇನ್ನೂ ಕಲಿಸಿತು. ಸ್ಟಾರ್ ಕೊಟ್ಟಂತೆ ಅವಳಿಗೆ ಸ್ಯಾಮ್ಯುಯೆಲ್ ಕ್ಯಾಂಡಿ, ಜಾನ್ ವಾಕರ್, ಎಲಿಸ್ ಹಾರ್ಲನ್ ಎಂಬ ಮೂವರು ಗಂಡಂದಿರು. ಮಕ್ಕಳು ಮೂರು ಉಪನಾಮಗಳಲ್ಲಿ ಚದುರಿದ್ದಾರೆ. ಉಪನಾಮ ಹಿಡಿದು ಹುಡುಕಿದರೆ ಅವರು ಮೂರು ಮನೆತನ. ಚೆರೋಕಿ ಲೆಕ್ಕದಲ್ಲಿ ಒಂದೇ ತಾಯಿ, ಒಂದೇ ಕುಲ, ಒಂದೇ ಮನೆ. 1817ರ ಮೇ 2ರಂದು ಚೆರೋಕಿ ಹೆಂಗಸರು ಸಭೆ ಸೇರಿ, ಇನ್ನು ಭೂಮಿ ಮಾರಬೇಡಿ ಎಂದು ಮುಖಂಡರಿಗೆ ಬರೆದ ಮನವಿಯಲ್ಲಿ ನ್ಯಾನ್ಸಿ ವಾರ್ಡ್ ಜೊತೆ ಕೇಟಿ ಹಾರ್ಲನ್ ಹೆಸರನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು. ಚರಿತ್ರೆಯವರಿಗೆ ಅದು ರಾಜಕೀಯ ದಾಖಲೆ. ನನಗೆ ಮುದಿ ತಾಯಿಯ ಮಾತಿಗೆ ಮಗಳು ದನಿಗೂಡಿಸಿದ ಸಾಕ್ಷಿ. ಆ ಮನವಿ ಫಲ ಕೊಡಲಿಲ್ಲ. 1819ರ ಒಪ್ಪಂದದಲ್ಲಿ ಹೈವಾಸಿ ನದಿಯ ಉತ್ತರದ ನೆಲ ಹೋಯಿತು, ಆಕೆ ಒಕೋಯೀ ದಂಡೆಗೆ ಬಂದಳು. ಸುಮಾರು 1822ರಲ್ಲಿ ತೀರಿಕೊಂಡಳು. ಬೆಂಟನ್ ಊರಿನ ಹತ್ತಿರ ಆಕೆಯ ಸಮಾಧಿ ಇದೆ, ಪಕ್ಕದಲ್ಲೇ ಮಗ ಫೈವ್‌ಕಿಲ್ಲರ್‌ನದು.

ನನ್ಯೆಹಿಯ ಮೇಲಕ್ಕೆ ನಾನು ಹೋಗಲಿಲ್ಲ. ಆಕೆಯ ತಾಯಿ 'ಟೇಮ್ ಡೋ' ಎಂದು ಎಲ್ಲ ಕಡೆ ಕಾಣುತ್ತದೆ. ಆಕೆಯ ಕಾಲದ ಕಾಗದ ಕೈಗೆ ಸಿಗದ ಕಾರಣ ಪೆನ್ಸಿಲಿನಲ್ಲಿ ಬರೆದಿಟ್ಟೆ. ತಂದೆಯ ಜಾಗ ಖಾಲಿ ಬಿಟ್ಟೆ. 1730ರಲ್ಲಿ ಇಂಗ್ಲೆಂಡಿಗೆ ಹೋಗಿಬಂದ ಮುಖಂಡ ಅಟಕುಲ್ಲಕುಲ್ಲನನ್ನು ಸೋದರಮಾವನೆಂದು ಹೇಳುವ ಪರಂಪರೆ ಬಲವಾಗಿದೆ. ಅಮೆರಿಕನ್ನರಿಗೆ ಅದು ದೂರದ ನಂಟು. ತಾಯಿಯ ಕುಲದ ಮನೆಯಲ್ಲಿ ಮಾವನಿಗಿಂತ ಹತ್ತಿರದ ಗಂಡಸು ಇಲ್ಲ ಎಂಬುದನ್ನು ಸೊಸೆಗೆ ವಿವರಿಸಿದೆ. "ಅತ್ತೆ, ಹಾಗಾದರೆ ಅವನ ಮಗ ಡ್ರ್ಯಾಗಿಂಗ್ ಕನೂ?" ಎಂದು ಕೇಳಿದಳು. ಅವನು ಬೇರೆ ಕುಲ, ಅವನ ತಾಯಿಯ ಕುಲ. ನ್ಯಾನ್ಸಿ ಬಿಳಿಯರೊಡನೆ ಸಂಧಾನಕ್ಕೆ, ಡ್ರ್ಯಾಗಿಂಗ್ ಕನೂ ಯುದ್ಧಕ್ಕೆ ನಿಂತವರು. ಈ ಇಬ್ಬರನ್ನು ಒಂದೇ ಮನೆಯವರೆಂದು ಓದುವವರು ಇದನ್ನು ಗಮನಿಸಬೇಕು.

ಕೊನೆಗೆ ಎರಡು ಪಟ್ಟಿ ಬರೆದೆ. ಮೊದಲನೆಯದು ರಕ್ತದ್ದು: ನನ್ಯೆಹಿಯಿಂದ ನನ್ನ ಮೊಮ್ಮಗಳವರೆಗೆ ಎಲ್ಲೂ ಕಡಿಯದ ಸಾಲು. ಎರಡನೆಯದು ಕುಲದ್ದು. ಅದು ಬೆಟ್ಸಿ, ನ್ಯಾನ್ಸಿ ಮಾರ್ಟಿನ್, ಅವಳ ಮಗಳು, ಮಗಳ ಮಗಳು ಹೀಗೆ ಹೆಣ್ಣಿನಿಂದ ಹೆಣ್ಣಿಗೆ ಇಳಿದು, ಡಾಸ್ ರೋಲ್‌ನ ಆ ಎಳೆಯ ಗಂಡುಮಗುವಿನಲ್ಲಿ ನಿಂತುಬಿಡುತ್ತದೆ. ಅಜ್ಜಿಯ ತಂದೆ ತೋಳ ಕುಲದವರು, ಆಕೆಯ ತಾಯಿ ಚೆರೋಕಿ ಅಲ್ಲ, ಹಾಗಾಗಿ ಅಜ್ಜಿ ತೋಳ ಕುಲದವರಲ್ಲ. ಇದನ್ನು ಹೇಳುವುದು ನನಗೆ ಸುಲಭವಿರಲಿಲ್ಲ. ಇಂದಿಗೂ ಚೆರೋಕಿಗಳ ಸಾಂಪ್ರದಾಯಿಕ ಕುಣಿತದ ಅಂಗಳದಲ್ಲಿ ಏಳು ಕುಲಗಳಿಗೆ ಏಳು ಚಪ್ಪರಗಳಿವೆ, ಕುಲ ಅಲ್ಲಿ ಜೀವಂತ ಸಂಗತಿ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಅಪ್ಪನ ಅಕ್ಕಂದಿರ ಮಕ್ಕಳು ಹಾಗಾದರೆ ತೋಳ ಕುಲದವರೇ ಅಲ್ಲವೇ" ಎಂದರು. ಹೌದು. ಆ ಸೋದರತ್ತೆಯರ ಹೆಣ್ಣುಮಕ್ಕಳ ಸಾಲನ್ನು ಈಗ ಹುಡುಕುತ್ತಿದ್ದೇನೆ.

ಮೊಮ್ಮಗಳ ಪೌರತ್ವಕ್ಕೆ ಇಷ್ಟೆಲ್ಲ ಬೇಕಿರಲಿಲ್ಲ. ಚೆರೋಕಿ ನೇಷನ್ ಕೇಳುವುದು ಡಾಸ್ ರೋಲ್‌ನ ಪೂರ್ವಜರವರೆಗಿನ ಜನನ, ಮರಣ ಪತ್ರಗಳನ್ನು, ಅಷ್ಟೇ. ಡಿಎನ್ಎ ಪರೀಕ್ಷೆಯ ವರದಿ ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ಹುಡುಕಾಟ ಬಾಕಿ ಇದೆ. ಹೆಂಡರ್ಸನ್ ರೋಲ್‌ನಲ್ಲಿ ಗುಲಾಮರಿಗೂ ಒಂದು ಕಾಲಂ ಇದೆ. ಅಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ. ನ್ಯಾನ್ಸಿ ವಾರ್ಡ್ ಮನೆಯಲ್ಲೂ ಗುಲಾಮರಿದ್ದರು. ಚೆರೋಕಿಗಳ ಗುಲಾಮರಾಗಿದ್ದು 1866ರ ಒಪ್ಪಂದದಿಂದ ಪೌರರಾದವರ ಹೆಸರುಗಳು 1890ರ ವ್ಯಾಲೆಸ್ ರೋಲ್‌ನಲ್ಲೂ ಡಾಸ್ ರೋಲ್‌ನ ಬೇರೆ ಪಟ್ಟಿಯಲ್ಲೂ ಇವೆ. ಅವರ ಅರ್ಜಿಗಳಲ್ಲಿ ಹಳೆಯ ಒಡೆಯರ ಹೆಸರು ಬರೆಸಿರುವುದರಿಂದ ಹಿಲ್ಡೆಬ್ರಾಂಡ್, ವಾಕರ್, ಹಾರ್ಲನ್ ಹೆಸರು ಎಲ್ಲೆಲ್ಲಿ ಬರುತ್ತದೆಂದು ಒಂದೊಂದೇ ಕಡತ ಓದುತ್ತಿದ್ದೇನೆ.