ತೂತು ಕೊರೆಸುವ ಮೊದಲು: ನಿಮ್ಮ ಬೌಲಿಂಗ್ ಬಾಲ್‌ಗೆ ಯಾವ ಲೇಔಟ್?

ಹೊಸ ಬೌಲಿಂಗ್ ಬಾಲ್ ಕೊಂಡರೆ ಅದರಲ್ಲಿ ತೂತೇ ಇರುವುದಿಲ್ಲ. ನಿಮ್ಮ ಕೈಗೆ ತಕ್ಕ ಹಾಗೆ ಕೊರೆಸಿಕೊಳ್ಳಬೇಕು. ಒಳಗೆ ಕೂತಿರುವ ಕೋರ್‌ನಿಂದ, ಅಂದರೆ ಭಾರದ ತಿರುಳಿನಿಂದ, ಯಾವ ದಿಕ್ಕಿಗೆ, ಎಷ್ಟು ದೂರಕ್ಕೆ ತೂತು ಬೀಳಬೇಕು ಅನ್ನುವ ಲೆಕ್ಕವೇ ಲೇಔಟ್.

ನನ್ನ ಮೊದಲ ಬಾಲ್‌ಗೆ ಗೆಳೆಯನ ಲೇಔಟನ್ನೇ ಹಾಕಿಸಿದ್ದೆ. ಅವನದು ವೇಗದ ಎಸೆತ, ನನ್ನದು ನಿಧಾನ. ಅವನ ಬಾಲ್ ಕೊನೆಯಲ್ಲಿ ಚೆಂದವಾಗಿ ತಿರುಗಿ ಪಾಕೆಟ್‌ಗೆ, ಅಂದರೆ ಎಲ್ಲಕ್ಕಿಂತ ಮುಂದಿನ ಪಿನ್‌ಗೂ ಅದರ ಪಕ್ಕದ ಪಿನ್‌ಗೂ ನಡುವಿನ ಜಾಗಕ್ಕೆ, ಹೋಗುತ್ತಿತ್ತು. ನನ್ನದು ಅರ್ಧ ದಾರಿಯಲ್ಲೇ ತಿರುಗಿ ಎಡಕ್ಕೆ ಹೋಗಿಬಿಡುತ್ತಿತ್ತು. ಬಾಲ್‌ನಲ್ಲಿ ತಪ್ಪಿರಲಿಲ್ಲ, ಲೇಔಟ್ ನನ್ನದಾಗಿರಲಿಲ್ಲ, ಅಷ್ಟೇ.

ಹಾಗಾಗಿ ಮೊದಲ ಕೆಲಸ, ನಿಮ್ಮ ಪಿಎಪಿ (ಪಾಸಿಟಿವ್ ಆಕ್ಸಿಸ್ ಪಾಯಿಂಟ್) ಕಂಡುಕೊಳ್ಳುವುದು. ಬುಗುರಿ ಎಷ್ಟೇ ಗಿರಗಿರ ತಿರುಗಿದರೂ ನೆತ್ತಿಯ ನಡುವಿನ ಚುಕ್ಕಿ ಅಲ್ಲೇ ಇರುತ್ತದೆ, ಅಲ್ವಾ? ಕೈ ಬಿಟ್ಟ ಕ್ಷಣದಲ್ಲಿ ಬಾಲ್ ಮೇಲೂ ಅಂಥದ್ದೊಂದು ಜಾಗ ಇರುತ್ತದೆ. ಅದೇ ಪಿಎಪಿ. ಬಲಗೈಯವರಲ್ಲಿ ಹೆಚ್ಚಿನವರಿಗೆ ಇದು ಬೆರಳಿನ ತೂತುಗಳಿಗೂ ಹೆಬ್ಬೆರಳಿನ ತೂತಿಗೂ ನಡುಮಧ್ಯದಿಂದ ಬಲಕ್ಕೆ 4ರಿಂದ 5 ಇಂಚು ದೂರದಲ್ಲಿ ಸಿಗುತ್ತದೆ. ಹಳೆಯ ಬಾಲ್‌ನಲ್ಲಿ ಅಲ್ಲೊಂದು ಚಿಕ್ಕ ಬಿಳಿ ಟೇಪ್ ಅಂಟಿಸಿ ಎಸೆಯಿರಿ. ಜೊತೆಯವರು ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಲಿ. ಮೊದಲ ಕೆಲವು ಅಡಿಗಳಲ್ಲಿ ಟೇಪ್ ಅಲುಗದೆ ನಿಂತರೆ ಜಾಗ ಸರಿ. ಸುತ್ತು ಹಾಕಿದರೆ ಸ್ವಲ್ಪ ಸರಿಸಿ ಮತ್ತೆ ಎಸೆಯಿರಿ. ಬೇಸರವಾದರೂ ಈ ಕೆಲಸ ಬಿಡಬೇಡಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಆಮೇಲೆ ಪಿನ್ ದೂರ. ಇದು ಬೀಳಿಸುವ ಪಿನ್ ಅಲ್ಲ, ಬಾಲ್ ಮೇಲೆ ಕಾಣುವ ಬೇರೆ ಬಣ್ಣದ ಚುಕ್ಕಿಗೂ ಪಿನ್ ಅಂತಲೇ ಹೆಸರು. ಕೋರ್‌ನ ತುದಿ ಎಲ್ಲಿದೆ ಅಂತ ಅದು ತೋರಿಸುತ್ತದೆ. ಪಿನ್ ನಿಮ್ಮ ಪಿಎಪಿಯಿಂದ 3⅜ ಇಂಚು ದೂರದಲ್ಲಿದ್ದರೆ ಫ್ಲೇರ್ ಅತಿ ಜಾಸ್ತಿ. ಅಂದರೆ ಪ್ರತಿ ಸುತ್ತಿಗೂ, ಲೇನ್‌ಗೆ ಬಳಿದಿರುವ ಎಣ್ಣೆ ಇನ್ನೂ ತಾಗದ ಹೊಸ ಮೈ ಲೇನ್‌ಗೆ ತಾಗುತ್ತದೆ, ಹಿಡಿತ ಸಿಗುತ್ತದೆ. ದೂರ 0 ಇಲ್ಲವೇ 6¾ ಇಂಚಿನ ಕಡೆಗೆ ಹೋದಷ್ಟೂ ಫ್ಲೇರ್ ಕಡಿಮೆ. ವೇಗ ಜಾಸ್ತಿ, ತಿರುಗು ಕಡಿಮೆ ಇರುವವರು 3½ರಿಂದ 4 ಇಂಚು ನೋಡಬಹುದು. ನನ್ನಂತೆ ನಿಧಾನವಾಗಿ ಎಸೆಯುವವರಿಗೆ, ಅದರಲ್ಲೂ ಲೇನ್‌ನಲ್ಲಿ ಎಣ್ಣೆ ಕಡಿಮೆಯಿದ್ದರೆ, 5 ಇಂಚಿನ ಆಸುಪಾಸು ಸರಿ.

ಬಾಲ್ ಕೊರೆಯುವ ಪ್ರೊ ಶಾಪ್‌ನಲ್ಲಿ 50 × 4½ × 40 ಅಂತ ಬರೆದುಕೊಳ್ಳುವುದನ್ನು ನೋಡಿರಬಹುದು. ನಡುವಿನದು ಈಗ ಹೇಳಿದ ದೂರ, ಅದರ ಅಕ್ಕಪಕ್ಕದ ಎರಡೂ ಡಿಗ್ರಿಯಲ್ಲಿ ಅಳೆದ ಕೋನಗಳು. ಮೊದಲ ಕೋನ ಚಿಕ್ಕದಾದರೆ ಬಾಲ್ ಬೇಗ ಉರುಳತೊಡಗುತ್ತದೆ. ಕೊನೆಯ ಕೋನ ಚಿಕ್ಕದಾದರೆ ಎಣ್ಣೆ ಮುಗಿದ ಮೇಲೆ ಚುರುಕಾಗಿ ತಿರುಗುತ್ತದೆ, ದೊಡ್ಡದಾದರೆ ನಯವಾಗಿ ಬಳಸಿ ಬರುತ್ತದೆ. ಹತೋಟಿ ಬೇಕು ಅನ್ನುವವರಿಗೆ ನಾನು ಹೇಳುವುದು ನಯವಾದ ತಿರುವನ್ನೇ. 60 ಅಡಿ ಲೇನ್‌ನಲ್ಲಿ ಗುರಿ ಒಂದೆರಡು ಬೋರ್ಡ್ (ಲೇನ್‌ನ ಉದ್ದಕ್ಕೂ ಇರುವ ಕಿರಿದಾದ ಪಟ್ಟಿ) ತಪ್ಪಿದರೂ ಅದು ಕ್ಷಮಿಸುತ್ತದೆ.

ಲೇಔಟ್ ಮೇಲೆ ಎಲ್ಲ ಭಾರ ಹಾಕಬೇಡಿ. ಮೈಯನ್ನು 500ರ ಒರಟು ಪ್ಯಾಡ್‌ನಿಂದ ಉಜ್ಜಿದ ಬಾಲ್‌ಗೂ 4000ದ ನುಣುಪು ಪ್ಯಾಡ್‌ನಿಂದ ಉಜ್ಜಿದ್ದಕ್ಕೂ ಇರುವ ವ್ಯತ್ಯಾಸ ಅದಕ್ಕಿಂತ ದೊಡ್ಡದು. ಆದರೆ ಉಜ್ಜಿದ್ದನ್ನು ಮತ್ತೆ ಉಜ್ಜಿ ಬದಲಿಸಬಹುದು, ತೂತನ್ನು ಹಾಗೆ ಬದಲಿಸಲಾಗದು. ಮೊದಲಾದರೆ ಬ್ಯಾಲೆನ್ಸ್ ಹೋಲ್ ಅಂತ ಇನ್ನೊಂದು ತೂತು ಹಾಕಿ ಬಾಲ್‌ನ ಓಟ ತಿದ್ದುತ್ತಿದ್ದರು. ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿಯ ನಿಯಮದಲ್ಲಿ 2020ರ ಆಗಸ್ಟ್ 1ರಿಂದ ಅದಕ್ಕೂ ಅವಕಾಶವಿಲ್ಲ.

ಕೊರೆಸಲು ಹೋಗುವಾಗ ಹಳೆಯ ಬಾಲನ್ನೂ ಒಯ್ಯಿರಿ. ಆಡಿದ ಮೇಲೆ ಒರೆಸಬೇಡಿ. ಅದರ ಮೇಲಿನ ಎಣ್ಣೆಯ ಗೆರೆಗಳನ್ನು ನೋಡಿಯೇ ಕೊರೆಯುವವರು ನಿಮ್ಮ ಪಿಎಪಿಯನ್ನು ಇನ್ನೊಮ್ಮೆ ಅಳೆದು ಖಚಿತ ಮಾಡಿಕೊಳ್ಳುತ್ತಾರೆ.